ಎದೆಯ ಆಪರೇಷನ್, ತೋಳಿನ ಲೆಕ್ಕ

ಎರಡೂ ಅಂಗೈಗಳನ್ನು ಎದೆಯ ಮುಂದೆ ಜೋಡಿಸಿ ಒಂದಕ್ಕೊಂದು ಬಲವಾಗಿ ಒತ್ತಿ ನೋಡಿ. ಕಂಕುಳಿನ ಮುಂದಿನ ಮಡಿಕೆಯಿಂದ ಎದೆಯ ನಡುವಿನವರೆಗೆ ಬೀಸಣಿಗೆಯಂತೆ ಹರಡಿದ ಮಾಂಸಖಂಡವೊಂದು ಬಿಗಿಯಾಗುತ್ತದೆ. ಅದೇ ಪೆಕ್ಟೊರಾಲಿಸ್ ಮೇಜರ್, ದೊಡ್ಡ ಎದೆಸ್ನಾಯು. ಕೊರಳೆಲುಬು, ಎದೆಯ ನಡುಮೂಳೆ, ಮೇಲಿನ ಪಕ್ಕೆಲುಬುಗಳ ಮೆದು ತುದಿ, ಇಷ್ಟೂ ಕಡೆಯಿಂದ ಹೊರಟ ಅದರ ಎಳೆಗಳು ಕಿರಿದಾಗುತ್ತ ಹೋಗಿ ತೋಳಿನ ಮೂಳೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತವೆ. ಅದರ ಮನೆ ಎದೆಯಲ್ಲಾದರೂ ದುಡಿಮೆಯೆಲ್ಲ ತೋಳಿಗಾಗಿ. ಭಾರದ ಬಾಗಿಲು ತಳ್ಳುವುದು, ಬಿಗಿಯಾದ ಮುಚ್ಚಳ ತಿರುಗಿಸುವುದು, ಮಗುವನ್ನು ಅವಚಿಕೊಳ್ಳುವುದು, ಮಲಗಿದಲ್ಲಿಂದ ಕೈಯೂರಿ ಏಳುವುದು, ಎಲ್ಲಕ್ಕೂ ಇದು ಬೇಕು. ಸ್ತನ ಕೂತಿರುವುದು ಬಹುಪಾಲು ಇದೇ ಸ್ನಾಯುವಿನ ಮೇಲೆ.

ಮಾಸ್ಟೆಕ್ಟಮಿಗೆ, ಅಂದರೆ ಕ್ಯಾನ್ಸರಿಗಾಗಿ ಸ್ತನ ತೆಗೆಯುವ ಆಪರೇಷನ್ನಿಗೆ, ಹೊರಟವರಿಗೆ ಗಡ್ಡೆಯ ಅಳತೆ ಗೊತ್ತಿರುತ್ತದೆ, ಮುಂದಿನ ಕೀಮೋ, ರೇಡಿಯೇಷನ್ನಿನ ಅಂದಾಜು ಇರುತ್ತದೆ, ಸ್ತನವನ್ನು ಮತ್ತೆ ಕಟ್ಟಿಸಿಕೊಳ್ಳುವುದಾದರೆ ಹೇಗೆ ಕಾಣಬಹುದು ಎಂಬ ಫೋಟೋಗಳನ್ನೂ ನೋಡಿರುತ್ತಾರೆ. ತೋಳಿನ ವಿಷಯ ಮಾತಿಗೆ ಬರುವುದು ಕಡಿಮೆ. ಬಂದರೂ ಕೈ ಬಾತುಕೊಳ್ಳಬಹುದು, ಭಾರ ಎತ್ತಬೇಡಿ ಎಂಬಲ್ಲಿಗೆ ಮುಗಿಯುತ್ತದೆ. ಹೊಲಿಗೆ ಒಣಗಿ, ರಿಪೋರ್ಟು ಚೆನ್ನಾಗಿ ಬಂದು, ಮನೆಯವರೆಲ್ಲ ನಿರಾಳವಾದ ಮೇಲೆ ಒಂದು ದಿನ ಮೇಲಿನ ಕಪಾಟಿನ ಡಬ್ಬಿಗೆ ಕೈ ಚಾಚಿದಾಗ ಅದು ಅರ್ಧದಲ್ಲೇ ನಿಲ್ಲುತ್ತದೆ. ಒಳ ಉಡುಪಿನ ಹುಕ್ಕು ಹಿಂದೆ ಸಿಗುವುದಿಲ್ಲ. ಕಾರಿನ ಸೀಟ್‌ಬೆಲ್ಟ್ ಎಳೆಯಲು ಇನ್ನೊಂದು ಕೈಯೇ ಬರಬೇಕು. ಕ್ಯಾನ್ಸರಿನಿಂದ ಪಾರಾದವರು ಇಂಥದ್ದಕ್ಕೆ ದೂರು ಹೇಳಲು ಸಂಕೋಚಪಡುತ್ತಾರೆ. ಜೀವ ಉಳಿದಿರುವಾಗ ಹೆಗಲಿನ ಮಾತೇಕೆ ಅನ್ನಿಸುತ್ತದೆ.

ಆದರೆ ಜೀವ ಉಳಿಯುತ್ತಿದೆ ಎಂಬುದೇ ಹೆಗಲಿನ ಮಾತಾಡಲು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಬೇಗ ಪತ್ತೆಯಾಗಿ ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ ಬಹಳ ಮಂದಿ ದಶಕಗಟ್ಟಲೆ ಬದುಕುತ್ತಾರೆ. ಅಷ್ಟೂ ವರ್ಷ ಆ ತೋಳನ್ನೇ ಬಳಸಬೇಕು.

ಈ ಸ್ನಾಯುವಿನ ಕತೆಯಲ್ಲಿ ಒಂದು ವಿಚಿತ್ರ ತಿರುವಿದೆ. 1882ರಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಶುರುಮಾಡಿದ ‘ರ್‍ಯಾಡಿಕಲ್ ಮಾಸ್ಟೆಕ್ಟಮಿ’ಯಲ್ಲಿ ಸ್ತನದ ಜೊತೆಗೆ ಎದೆಸ್ನಾಯುವನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ಒಟ್ಟಿಗೆ ತೆಗೆಯುತ್ತಿದ್ದರು. ಚರ್ಮದ ಕೆಳಗೆ ಪಕ್ಕೆಲುಬು ಎಣಿಸುವಂತಾಗುತ್ತಿತ್ತು. ತೋಳು ಬಲ ಕಳೆದುಕೊಂಡು, ಎಷ್ಟೋ ಸಲ ಬಾತುಕೊಂಡು ಉಳಿಯುತ್ತಿತ್ತು. ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಸುರಕ್ಷಿತ ಎಂಬ ನಂಬಿಕೆ ಮುಕ್ಕಾಲು ಶತಮಾನ ನಡೆಯಿತು. 1948ರಲ್ಲಿ ಲಂಡನ್ನಿನ ಡೇವಿಡ್ ಪೇಟಿ ದೊಡ್ಡ ಎದೆಸ್ನಾಯುವನ್ನು ಬಿಟ್ಟು ಮಾಡುವ ವಿಧಾನವನ್ನು ವರದಿ ಮಾಡಿದರು. 1971ರಲ್ಲಿ ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ ಅಮೆರಿಕದಲ್ಲಿ ಶುರುವಾದ ಬಿ-04 ಎಂಬ ಪ್ರಯೋಗ, ಸ್ನಾಯು ತೆಗೆದವರೂ ಉಳಿಸಿಕೊಂಡವರೂ ಸರಿಸಮ ಕಾಲ ಬದುಕುತ್ತಾರೆ ಎಂದು ತೋರಿಸಿಕೊಟ್ಟಿತು. 25 ವರ್ಷಗಳ ನಂತರ ನೋಡಿದಾಗಲೂ ಫಲಿತಾಂಶ ಬದಲಾಗಿರಲಿಲ್ಲ. ಹೀಗೆ ಎದೆಸ್ನಾಯು ಕತ್ತರಿಯಿಂದ ತಪ್ಪಿಸಿಕೊಂಡಿತು.

ತಪ್ಪಿಸಿಕೊಂಡಿದ್ದು ಪೂರ್ತಿ ಅಲ್ಲ. ಕ್ಯಾನ್ಸರ್ ಸರ್ಜನ್ ಬಿಟ್ಟುಕೊಟ್ಟ ಸ್ನಾಯುವನ್ನು ಪ್ಲಾಸ್ಟಿಕ್ ಸರ್ಜನ್ ಬೇರೆ ಕೆಲಸಕ್ಕೆ ಬಳಸಿಕೊಂಡರು. ಮಾಸ್ಟೆಕ್ಟಮಿ ಆದಮೇಲೆ ಉಳಿಯುವ ಚರ್ಮ ತೆಳು. ಅದರ ನೇರ ಕೆಳಗೆ ಸ್ತನದ ಆಕಾರಕ್ಕಾಗಿ ಸಿಲಿಕೋನ್ ಇಂಪ್ಲಾಂಟ್ ಇಟ್ಟರೆ ಅಂಚು ಎದ್ದು ಕಾಣಬಹುದು, ಗಾಯ ಮಾಗದೆ ಇಂಪ್ಲಾಂಟ್ ಹೊರಬರಬಹುದು. ಅದಕ್ಕೇ ಎದೆಸ್ನಾಯುವನ್ನು ಹೊದಿಕೆ ಮಾಡಿಕೊಂಡು ಅದರಡಿಯಲ್ಲಿ ಇಂಪ್ಲಾಂಟ್ ಕೂರಿಸುವ ಪದ್ಧತಿ ಬಂದು ಬಹುಕಾಲ ಮೇಲುಗೈ ಪಡೆಯಿತು. ಇದಕ್ಕಾಗಿ ಸ್ನಾಯುವಿನ ಕೆಳಭಾಗದ ಅಂಟುಗಳನ್ನು ಪಕ್ಕೆಲುಬಿನಿಂದ ಬಿಡಿಸಬೇಕು. ಎಷ್ಟೋ ಸಲ ಮೊದಲು ಎಕ್ಸ್‌ಪ್ಯಾಂಡರ್ ಎಂಬ ಚೀಲವಿಟ್ಟು, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಸಲೈನ್ ತುಂಬಿಸಿ ಜಾಗ ಹಿಗ್ಗಿಸಿ, ಆಮೇಲೆ ಇಂಪ್ಲಾಂಟಿಗೆ ಬದಲಾಯಿಸುತ್ತಾರೆ. ಸಲೈನ್ ತುಂಬಿಸಿಕೊಂಡು ಬಂದ ರಾತ್ರಿ ಎದೆಗೆ ಪಟ್ಟಿ ಕಟ್ಟಿ ಬಿಗಿದ ಹಾಗೆ ಎಂದು ಮಹಿಳೆಯರು ಹೇಳುವುದುಂಟು. ಸ್ನಾಯುವಿನ ಕಡೆಯಿಂದ ನೋಡಿದರೆ ಅದು ಅಕ್ಷರಶಃ ನಿಜ. ಸಪಾಟಾದ ಎಲುಬುಗೂಡಿನ ಮೇಲೆ ಜಾರಾಡಿಕೊಂಡಿದ್ದದ್ದು ಈಗ ಉಬ್ಬಿನ ಮೇಲೆ ಎಳೆದು ಕಟ್ಟಿದ ತೊಗಲಾಗಿದೆ.

ಕೆಲವರಿಗೆ ಇದು ಕನ್ನಡಿಯಲ್ಲೇ ಕಾಣುತ್ತದೆ. ಮೊದಲ ಸಾಲಿನಲ್ಲಿ ಹೇಳಿದಂತೆ ಅಂಗೈ ಒತ್ತಿದರೆ ಸ್ನಾಯು ಸೆಟೆಯುತ್ತದೆ, ಅಡಿಯಲ್ಲಿರುವ ಇಂಪ್ಲಾಂಟ್ ಮೇಲಕ್ಕೋ ಪಕ್ಕಕ್ಕೋ ಸರಿಯುತ್ತದೆ, ಚರ್ಮದಲ್ಲಿ ಗುಳಿ ಬೀಳುತ್ತದೆ. ವೈದ್ಯರು ಇದಕ್ಕೆ ‘ಆ್ಯನಿಮೇಷನ್ ಡಿಫಾರ್ಮಿಟಿ’ ಎನ್ನುತ್ತಾರೆ. ಹೆಸರೇನೋ ಕಾರ್ಟೂನಿನದು, ಅನುಭವಿಸುವವರಿಗೆ ತಮಾಷೆಯಲ್ಲ. ಇದನ್ನು ಅಂದದ ಸಮಸ್ಯೆ ಎಂದು ಪಟ್ಟಿಮಾಡಿ ಬದಿಗಿಡುವುದೇ ಹೆಚ್ಚು. ನನಗೆ ಕಾಣುವಂತೆ ಇದು ಸ್ನಾಯುವಿನ ಹೊಸ ಪರಿಸ್ಥಿತಿಯ ನೇರ ಪ್ರದರ್ಶನ: ತೋಳಿಗಾಗಿ ಹುಟ್ಟಿಸಿದ ಬಲದಲ್ಲಿ ಒಂದು ಪಾಲು ಇಂಪ್ಲಾಂಟನ್ನು ಅತ್ತಿತ್ತ ತಳ್ಳುವುದಕ್ಕೆ ಖರ್ಚಾಗುತ್ತಿದೆ.

ಬಲ ಎಷ್ಟು ಇಳಿಯುತ್ತದೆ ಎಂಬುದನ್ನು ಕೈ ಎತ್ತಿಸಿ ನೋಡಿದರಷ್ಟೇ ತಿಳಿಯದು. ಕೈ ಎತ್ತುವುದು ಮುಖ್ಯವಾಗಿ ಡೆಲ್ಟಾಯ್ಡ್ ಎಂಬ ಹೆಗಲ ಸ್ನಾಯುವಿನ ಕೆಲಸ. ಎದೆಸ್ನಾಯು ಮಾಡುವುದು ತೋಳನ್ನು ಮೈಯ ಕಡೆಗೆ ಎಳೆಯುವುದು, ಒಳಕ್ಕೆ ತಿರುಗಿಸುವುದು, ಮುಂದಕ್ಕೆ ತಳ್ಳುವುದು. ಹಾಗಾಗಿ ಫಾಲೋಅಪ್‌ನಲ್ಲಿ ಕೈ ಪೂರ್ತಿ ಮೇಲೆದ್ದರೆ ‘ಹೆಗಲು ಸರಿಯಾಗಿದೆ’ ಎಂದು ಬರೆದುಬಿಡುತ್ತಾರೆ. ಅದೇ ಮಹಿಳೆ ಮನೆಗೆ ಬಂದು ಮಂಚವನ್ನು ಒಂದಿಷ್ಟು ಸರಿಸಲು ಹೋದರೆ ಆಗುವುದಿಲ್ಲ. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಅಂತರವನ್ನು ಹಿಡಿಯಲೆಂದೇ ತೋಳನ್ನು ಯಂತ್ರಕ್ಕೆ ಕಟ್ಟಿ ಬೇರೆಬೇರೆ ದಿಕ್ಕಿನ ಬಲ ಅಳೆದಿದ್ದಾರೆ. ಸ್ನಾಯುವಿನ ಬಿಗಿತವನ್ನು ಅಲ್ಟ್ರಾಸೌಂಡಿನ ಒಂದು ವಿಶೇಷ ವಿಧಾನದಿಂದ ಎಳೆ ಎಳೆಯಾಗಿ ನೋಡಿದ್ದಾರೆ. ಸ್ನಾಯುವಿನಡಿ ಇಂಪ್ಲಾಂಟ್ ಇಟ್ಟವರಲ್ಲಿ ಹೆಗಲಿನ ಬಲ ಕುಗ್ಗಿರುವುದು, ಎದೆಸ್ನಾಯುವಿನ ಬೇರೆಬೇರೆ ಭಾಗಗಳು ಕೆಲಸ ಹಂಚಿಕೊಳ್ಳುವ ರೀತಿಯೇ ಬದಲಾಗಿರುವುದು ಇಂಥ ಅಳತೆಗಳಲ್ಲಿ ಕಂಡಿದೆ. ಬಿಡಿಸಿದ್ದು ಕೆಳಗಿನ ಎಳೆಗಳನ್ನು. ಕೊರಳೆಲುಬಿನಿಂದ ಬರುವ ಮೇಲಿನ ಎಳೆಗಳು ಹಾಗೇ ಇವೆ. ಇರುವವರು ಇಲ್ಲದವರ ಕೆಲಸವನ್ನೂ ಹೊರುತ್ತಾರೆ. ದಿನದ ಸಣ್ಣಪುಟ್ಟ ಕೆಲಸಕ್ಕೆ ಅದು ಸಾಕಾಗುತ್ತದೆ. ಈಜುವವರಿಗೆ, ರೋಗಿಗಳನ್ನು ಎತ್ತಿ ಕೂರಿಸುವ ನರ್ಸಿಗೆ, ಮೈಮುರಿದು ದುಡಿಯುವವರಿಗೆ ಸಾಕಾಗದೇ ಹೋಗಬಹುದು.

ಸ್ತನ ಪುನರ್ನಿರ್ಮಾಣದ ಒಂದೊಂದು ವಿಧಾನವೂ ಒಂದೊಂದು ಸ್ನಾಯುವಿನ ಹತ್ತಿರ ಸಾಲ ಕೇಳುತ್ತದೆ. ಬೆನ್ನಿನ ಅಗಲ ಸ್ನಾಯುವಾದ ಲ್ಯಾಟಿಸಿಮಸ್ ಡಾರ್ಸೈಯನ್ನು ಅದರ ರಕ್ತನಾಳದ ಸಮೇತ ಕಂಕುಳಿನಡಿಯಿಂದ ಮುಂದಕ್ಕೆ ತಿರುಗಿಸಿ ತಂದು ಸ್ತನ ಕಟ್ಟುವುದು ಹಳೆಯ ಉಪಾಯ. ಇಟಲಿಯ ತಾನ್ಸಿನಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮಾಡಿದ್ದರು, ಮರೆತುಹೋಗಿ 1970ರ ದಶಕದಲ್ಲಿ ಮತ್ತೆ ಚಾಲ್ತಿಗೆ ಬಂತು. ಆ ಸ್ನಾಯುವಿನ ಕೆಲಸ ತೋಳನ್ನು ಕೆಳಕ್ಕೂ ಹಿಂದಕ್ಕೂ ಎಳೆಯುವುದು. ಅದು ಹೋದರೆ ಕುರ್ಚಿಯ ಕೈ ಒತ್ತಿ ಏಳುವಾಗ, ಹಗ್ಗ ಜಗ್ಗುವಾಗ, ಏಣಿ ಹತ್ತುವಾಗ ಗೊತ್ತಾಗುತ್ತದೆ. ಅಕ್ಕಪಕ್ಕದ ಸ್ನಾಯುಗಳು ತಿಂಗಳುಗಳಲ್ಲಿ ಬಹುಪಾಲು ತುಂಬಿಕೊಡುತ್ತವೆ, ಎಲ್ಲರಲ್ಲೂ ಪೂರ್ತಿ ಅಲ್ಲ. ಹೊಟ್ಟೆಯ ಕೊಬ್ಬು ಮತ್ತು ಚರ್ಮವನ್ನು ಮಾತ್ರ ತೆಗೆದು, ಸೂಕ್ಷ್ಮದರ್ಶಕದಡಿ ರಕ್ತನಾಳ ಜೋಡಿಸಿ ಎದೆಗೆ ಹಚ್ಚುವ ‘ಡೀಪ್ ಫ್ಲ್ಯಾಪ್’ ವಿಧಾನವನ್ನು ಅಮೆರಿಕದ ರಾಬರ್ಟ್ ಅಲೆನ್ 1992ರಲ್ಲಿ ಸ್ತನಕ್ಕಾಗಿ ಬಳಸಿದರು. ಹೆಗಲಿನ ಯಾವ ಸ್ನಾಯುವನ್ನೂ ಅದು ಮುಟ್ಟುವುದಿಲ್ಲ. ಬದಲಿಗೆ ಆಪರೇಷನ್ ದೀರ್ಘ, ನುರಿತ ಕೈ ಬೇಕು, ಹೊಟ್ಟೆಯ ಮೇಲೆ ಉದ್ದ ಗಾಯ ಉಳಿಯುತ್ತದೆ. ಪುನರ್ನಿರ್ಮಾಣವೇ ಬೇಡವೆಂದು ಎದೆಯನ್ನು ಸಪಾಟಾಗಿ ಹೊಲಿಸಿಕೊಳ್ಳುವವರೂ ಇದ್ದಾರೆ. ಸ್ನಾಯುವಿನ ದೃಷ್ಟಿಯಿಂದ ಅದು ಅಗ್ಗದ ದಾರಿ. ಅದನ್ನು ‘ಏನೂ ಮಾಡಿಸಿಕೊಳ್ಳಲಿಲ್ಲ’ ಎಂದು ಕರೆಯುವ ರೂಢಿ ತಪ್ಪು. ಅದೂ ಒಂದು ಆಯ್ಕೆ.

ಈಗ ಗಾಳಿ ಬೀಸುತ್ತಿರುವುದು ಇಂಪ್ಲಾಂಟನ್ನು ಮತ್ತೆ ಸ್ನಾಯುವಿನ ಮೇಲಕ್ಕೆ ತರುವ ಕಡೆಗೆ. ಜೀವಕೋಶಗಳನ್ನು ತೊಳೆದು ತೆಗೆದ ಚರ್ಮದ ಹಾಳೆ ಅಥವಾ ಕೃತಕ ಬಲೆಯನ್ನು ಇಂಪ್ಲಾಂಟಿಗೆ ಹೊದಿಸಿದರೆ ಸ್ನಾಯುವಿನ ಹೊದಿಕೆ ಬೇಕಿಲ್ಲ. ಎದೆಸ್ನಾಯು ತನ್ನ ಜಾಗದಲ್ಲೇ ಉಳಿಯುತ್ತದೆ, ಅಂಗೈ ಒತ್ತಿದರೆ ಇಂಪ್ಲಾಂಟ್ ಕುಣಿಯುವುದಿಲ್ಲ, ಆಪರೇಷನ್ನಿನ ನಂತರದ ಮೊದಲ ದಿನಗಳ ನೋವೂ ಕಡಿಮೆ ಇರುತ್ತದೆ. ಆದರೆ ಉಳಿದ ಚರ್ಮಕ್ಕೆ ರಕ್ತಸಂಚಾರ ಚೆನ್ನಾಗಿರಬೇಕು. ತೆಳ್ಳಗಿರುವವರಲ್ಲಿ ಇಂಪ್ಲಾಂಟಿನ ಸುಕ್ಕುಗಳು ಚರ್ಮದ ಮೇಲೆ ಅಲೆಯಂತೆ ಕಾಣಬಹುದು. ಎಲ್ಲರಿಗೂ ಒಗ್ಗುವ ವಿಧಾನ ಇದಲ್ಲ.

ಇಷ್ಟೆಲ್ಲ ಎದೆಯ ಮಾತು. ನೋವಿನ ಮಾತು ಬಂದರೆ ಕಂಕುಳಿಗೆ ಹೋಗಬೇಕು, ಯಾಕೆಂದರೆ ಅಲ್ಲಿ ಬೆರಳಗಲ ಜಾಗದಲ್ಲಿ ನರಗಳು ಒತ್ತೊತ್ತಾಗಿವೆ. ದುಗ್ಧಗ್ರಂಥಿಗಳನ್ನು ತೆಗೆಯುವಾಗ ದಾರಿಗೆ ಅಡ್ಡ ಬರುವುದು ಇಂಟರ್‌ಕಾಸ್ಟೋಬ್ರೇಕಿಯಲ್ ಎಂಬ ಉದ್ದ ಹೆಸರಿನ ತೆಳು ನರ. ತೋಳಿನ ಒಳಮೈಯ ಸ್ಪರ್ಶಜ್ಞಾನ ಅದರದು. ಅದು ಕತ್ತರಿಸಿದರೆ ಅಥವಾ ಜಗ್ಗಿದರೆ ಅಲ್ಲಿ ಮರಗಟ್ಟುತ್ತದೆ. ಕೆಲವರಿಗೆ ಅದು ಬರೀ ಜೋಮಾಗಿ ಉಳಿಯುತ್ತದೆ, ಇನ್ನು ಕೆಲವರಿಗೆ ಉರಿಯಾಗಿ, ಕರೆಂಟು ಹೊಡೆದಂತೆ ಚುಳುಕ್ಕೆನ್ನುವ ನೋವಾಗಿ, ಬಟ್ಟೆಯ ತೋಳು ತಾಗಿದರೂ ಸಹಿಸಲಾಗದ ಹಿಂಸೆಯಾಗಿ ತಿರುಗುತ್ತದೆ. ಇನ್ನೊಂದು, ಎದೆಗೂಡಿನ ಪಕ್ಕದಲ್ಲಿ ಇಳಿಯುವ ಲಾಂಗ್ ಥೊರಾಸಿಕ್ ನರ. ಅದಕ್ಕೆ ಪೆಟ್ಟಾದರೆ ಹೆಗಲ ಹಲಗೆಯನ್ನು ಎದೆಗೂಡಿಗೆ ಒತ್ತಿ ಹಿಡಿಯುವ ಸ್ನಾಯು ಸೋಲುತ್ತದೆ. ಗೋಡೆಗೆ ಕೈಯೂರಿ ತಳ್ಳಿದಾಗ ಬೆನ್ನಿನಲ್ಲಿ ಆ ಮೂಳೆ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ. ಎಲ್ಲ ಗ್ರಂಥಿಗಳನ್ನೂ ತೆಗೆಯುವ ಬದಲು, ಗಡ್ಡೆಯ ಕಡೆಯಿಂದ ದ್ರವ ಮೊದಲು ಬಂದು ಸೇರುವ ಕಾವಲು ಗ್ರಂಥಿ ಒಂದೆರಡನ್ನು ತೆಗೆದು ನೋಡುವ ಸೆಂಟಿನೆಲ್ ಬಯಾಪ್ಸಿ 1990ರ ದಶಕದಿಂದ ಹಬ್ಬಿದ್ದು ತೋಳಿಗೆ ಸಿಕ್ಕ ದೊಡ್ಡ ರಿಯಾಯಿತಿ. ನನ್ನನ್ನು ಕೇಳಿದರೆ, ಪುನರ್ನಿರ್ಮಾಣದ ಬಗೆಗಿಂತ ಕಂಕುಳಿನಲ್ಲಿ ಏನು ನಡೆಯಿತು ಎಂಬುದೇ ಎಷ್ಟೋ ಮಹಿಳೆಯರ ತೋಳಿನ ಹಣೆಬರಹ ಬರೆಯುತ್ತದೆ.

ಈ ನೋವು ಅಪರೂಪದ್ದಲ್ಲ. ಡೆನ್ಮಾರ್ಕಿನಲ್ಲಿ ಆಪರೇಷನ್ನಾಗಿ ಎರಡು ಮೂರು ವರ್ಷ ಕಳೆದ 3,253 ಮಹಿಳೆಯರು ಉತ್ತರಿಸಿದ, 2009ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 47% ಮಂದಿ ಇನ್ನೂ ನೋವಿದೆ ಎಂದರು. ಹಾಗೆ ಹೇಳಿದವರಲ್ಲಿ 13% ಮಂದಿಗೆ ತೀವ್ರ ನೋವು. ಚಿಕ್ಕ ವಯಸ್ಸಿನವರಿಗೂ ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡವರಿಗೂ ಅಪಾಯ ಹೆಚ್ಚಿತ್ತು. ಗಾಯದ ಸಹಜ ನೋವು ಇಳಿಯಬೇಕಾದ ಕಾಲ ಮೀರಿ, ಮೂರು ತಿಂಗಳಾದರೂ ಬಿಡದ ನೋವನ್ನು ಈಗ ಜಾಗತಿಕ ರೋಗಪಟ್ಟಿಯೇ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದೆ. ‘ಆಪರೇಷನ್ ಆಗಿದೆಯಲ್ಲ, ನೋವು ಇದ್ದದ್ದೇ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಆದರೆ ‘ನೋವು’ ಎಂಬ ಒಂದೇ ಪದ ಇಲ್ಲಿ ದಾರಿ ತಪ್ಪಿಸುತ್ತದೆ. ಉರಿ, ಚುಳುಕು, ಜೋಮು ನರದ ಭಾಷೆ. ಅದಕ್ಕೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ಹಿಡಿಯುವುದಿಲ್ಲ, ನರದ ನೋವಿಗೆಂದೇ ಇರುವ ಔಷಧಗಳು ಬೇಕಾಗಬಹುದು. ಕೈ ಮೇಲೆತ್ತಿದಾಗ ಕಂಕುಳಿನಿಂದ ಮೊಣಕೈವರೆಗೆ, ಕೆಲವೊಮ್ಮೆ ಮಣಿಕಟ್ಟಿನವರೆಗೂ ವೀಣೆಯ ತಂತಿಯಂತೆ ಎದ್ದು ಕಾಣುವ ಎಳೆ ಬೇರೆಯೇ ಸಂಗತಿ. ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುವ ಅದನ್ನು ‘ಕಾರ್ಡಿಂಗ್’ ಎನ್ನುತ್ತಾರೆ. ನೋಡಿದವರು ಗಾಬರಿಯಾಗಿ ಕೈ ಆಡಿಸುವುದನ್ನೇ ನಿಲ್ಲಿಸುತ್ತಾರೆ. ಬೇಕಾದದ್ದು ಅದರ ಉಲ್ಟಾ, ಮೆಲ್ಲಗೆ ಎಳೆದು ಸಡಿಲಿಸುವುದು. ಹೆಗಲ ಕೀಲಿನೊಳಗೆ ಮಂದವಾಗಿ ನೋಯುತ್ತ ರಾತ್ರಿ ಆ ಮಗ್ಗುಲಲ್ಲಿ ಮಲಗಲು ಬಿಡದಿದ್ದರೆ ಕೀಲಿನ ಸುತ್ತಲ ಸ್ನಾಯುಗಳ ತೊಂದರೆಯೋ ಕೀಲೇ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರೋ ಇರಬಹುದು. ಹಾರ್ಮೋನು ಚಿಕಿತ್ಸೆಯಲ್ಲಿ ಕೊಡುವ ಅರೊಮಟೇಸ್ ತಡೆಮಾತ್ರೆಗಳೂ ಕೀಲುನೋವು ತರುತ್ತವೆ. ಬೆರಳು, ಮಂಡಿ, ಹೆಗಲು ಎಲ್ಲ ಒಟ್ಟಿಗೆ ಬೆಳಗ್ಗೆ ಬಿಗಿಯುತ್ತಿದ್ದರೆ ತಪ್ಪು ಆಪರೇಷನ್ನಿನದಲ್ಲ. ಇನ್ನು, ಹೊಸದಾಗಿ ಶುರುವಾಗಿ ದಿನದಿನಕ್ಕೆ ಏರುವ, ವಿಶ್ರಾಂತಿಗೂ ಬಗ್ಗದ ನೋವನ್ನೋ ಕೈಯ ಬಲ ದಿಢೀರನೆ ಇಳಿದದ್ದನ್ನೋ ವ್ಯಾಯಾಮದಿಂದ ಸರಿಪಡಿಸಲು ಕೂರಬಾರದು. ಅದನ್ನು ಕ್ಯಾನ್ಸರ್ ವೈದ್ಯರಿಗೇ ತೋರಿಸಬೇಕು.

ಕೀಲು ಯಾಕೆ ಕೆಡುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೆನಪಿಟ್ಟುಕೊಂಡರೆ ಸಾಕು. ಕೈ ಪಕ್ಕದಿಂದ ಕಿವಿಯವರೆಗೆ ಏಳುವ 180 ಡಿಗ್ರಿಯಲ್ಲಿ ಕೀಲಿನದು ಸುಮಾರು 120, ಉಳಿದ 60 ಬೆನ್ನಿನ ಹೆಗಲ ಹಲಗೆ ತಿರುಗುವುದರಿಂದ ಬರುತ್ತದೆ. ಗಾಯವಿರುವ ಎದೆಯನ್ನು ಕಾಪಾಡಿಕೊಳ್ಳಲು ಮಹಿಳೆ ತನಗರಿವಿಲ್ಲದೆ ಭುಜ ಮುಂದಕ್ಕೆ ಬಾಗಿಸಿ, ತೋಳನ್ನು ಮೈಗಂಟಿಸಿ ಕೂರುತ್ತಾಳೆ. ದೊಡ್ಡ ಎದೆಸ್ನಾಯುವಿನ ಹಿಂದೆ ಅಡಗಿರುವ ಸಣ್ಣ ಎದೆಸ್ನಾಯು ಆ ಭಂಗಿಯಲ್ಲೇ ಕುಗ್ಗಿ, ಹೆಗಲ ಹಲಗೆಯನ್ನು ಮುಂದಕ್ಕೆ ಬಗ್ಗಿಸಿ ಹಿಡಿಯುತ್ತದೆ. 60 ಡಿಗ್ರಿಯ ಪಾಲುದಾರ ಕೈಕೊಟ್ಟಾಗ ಕೀಲು ಒಂದೇ ಎಲ್ಲವನ್ನೂ ಎಳೆಯಲು ಹೋಗಿ ಉಜ್ಜಿಕೊಳ್ಳುತ್ತದೆ. ನೋವಿಗೆ ಹೆದರಿ ಕೈ ಇನ್ನಷ್ಟು ಮೈಗಂಟುತ್ತದೆ. ಇದರ ಮೇಲೆ ರೇಡಿಯೇಷನ್ ಬಿದ್ದರೆ ಅಂಗಾಂಶ ನಾರುಗಟ್ಟುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ ನಿಧಾನ ನಡೆಯುತ್ತದೆ; ಮೊದಲ ವರ್ಷ ಚೆನ್ನಾಗಿದ್ದ ಹೆಗಲು ಮೂರನೇ ವರ್ಷ ಬಿಗಿಯುವುದು ಹೀಗೆ. ವಿಪರ್ಯಾಸವೆಂದರೆ ರೇಡಿಯೇಷನ್ ಕೊಡಲು ಸಾಮಾನ್ಯವಾಗಿ ಕೈಯನ್ನು ತಲೆಯ ಮೇಲಕ್ಕೆತ್ತಿ ಅಲ್ಲಾಡದೆ ಮಲಗಬೇಕು. ಕೈ ಏಳದವರಿಗೆ ಆ ಚಿಕಿತ್ಸೆಯ ಮೇಜೇ ಹಿಂಸೆ.

ವ್ಯಾಯಾಮ ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಯಾವಾಗ ಎಂಬುದು ಪ್ರಶ್ನೆ. 24 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2010ರ ಕೊಕ್ರೇನ್ ವಿಮರ್ಶೆ, ಬೇಗ ಶುರುಮಾಡಿದರೆ ಕೈ ಬೇಗ ಏಳುತ್ತದೆ, ಆದರೆ ಗಾಯದಿಂದ ಸೋರುವ ನೀರು ಹೆಚ್ಚಿ ಡ್ರೈನ್ ಪೈಪು ಹೆಚ್ಚು ದಿನ ಇಡಬೇಕಾಗುತ್ತದೆ ಎಂದಿತು. ನಡುದಾರಿಯನ್ನು ಬ್ರಿಟನ್ನಿನ ‘ಪ್ರಾಸ್ಪರ್’ ಪ್ರಯೋಗ ತೋರಿಸಿತು. ಹೆಗಲಿನ ತೊಂದರೆಯ ಅಪಾಯ ಹೆಚ್ಚಿದ್ದ 392 ಮಹಿಳೆಯರಲ್ಲಿ ಅರ್ಧ ಮಂದಿಗೆ ಕೈಯಲ್ಲೊಂದು ಕರಪತ್ರ ಕೊಡುವ ಮಾಮೂಲಿ ಕ್ರಮ, ಉಳಿದವರಿಗೆ ಆಪರೇಷನ್ನಾಗಿ 7ರಿಂದ 10 ದಿನಕ್ಕೆ ಶುರುವಾಗುವ, ಫಿಸಿಯೋಥೆರಪಿಸ್ಟ್ ನಡೆಸಿಕೊಡುವ ವ್ಯಾಯಾಮ. ಹಿಗ್ಗಿಸುವುದು ಮೊದಲು, ಬಲ ಕೂಡಿಸುವುದು ಆಮೇಲೆ. 2021ರಲ್ಲಿ ಬಂದ ಫಲಿತಾಂಶದಲ್ಲಿ, ಒಂದು ವರ್ಷದ ಕೊನೆಗೆ ತೋಳಿನ ತೊಂದರೆಯನ್ನು ನೂರಕ್ಕೆ ಅಳೆಯುವ ಪ್ರಶ್ನಾವಳಿಯಲ್ಲಿ ವ್ಯಾಯಾಮದ ಗುಂಪಿನ ಸರಾಸರಿ 16.3, ಕರಪತ್ರದ ಗುಂಪಿನದು 23.7. ಅಂಕ ಕಡಿಮೆ ಇದ್ದಷ್ಟೂ ತೋಳು ಸುಖ. ಪವಾಡದ ಅಂತರವಲ್ಲ. ಆದರೆ ಕರಪತ್ರ ಸಾಲದು ಎನ್ನುವುದಕ್ಕೆ ಇಷ್ಟು ಸಾಕು.

ಭಾರ ಎತ್ತಲೇಬಾರದು ಎಂಬ ಹಳೆಯ ಎಚ್ಚರಿಕೆಯೂ ಸಡಿಲಾಗಿದೆ. ಆಗಲೇ ಕೈ ಬಾತಿದ್ದ 141 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೆರಡು ಸಲ ಹಂತಹಂತವಾಗಿ ತೂಕ ಎತ್ತಿದವರ ಬಾವು ಹೆಚ್ಚಲಿಲ್ಲ, ಬಾವು ಏಕಾಏಕಿ ಕೆರಳುವ ಪ್ರಸಂಗಗಳು ಅವರಲ್ಲಿ ಕಡಿಮೆಯಾದವು. ಎತ್ತದೆ ಕಾಪಾಡಿದ ತೋಳು ಸೊರಗುತ್ತದೆ. ಸೊರಗಿದ ತೋಳಿಗೆ ನೀರಿನ ಬಕೆಟ್ಟೂ ಅತಿಭಾರವಾಗುತ್ತದೆ. ಪುನರ್ನಿರ್ಮಾಣ ಆದವರ ವೇಳಾಪಟ್ಟಿ ಮಾತ್ರ ಬೇರೆ. ಇಂಪ್ಲಾಂಟ್ ಕೂರುವವರೆಗೆ, ರಕ್ತನಾಳದ ಜೋಡಣೆ ಗಟ್ಟಿಯಾಗುವವರೆಗೆ ಎಷ್ಟು ಎತ್ತರ, ಎಷ್ಟು ತೂಕ ಎಂಬುದನ್ನು ಆಪರೇಷನ್ ಮಾಡಿದವರೇ ಹೇಳಬೇಕು, ಆ ಮಿತಿ ಯಾವ ವಾರಕ್ಕೆ ಮುಗಿಯುತ್ತದೆ ಎಂಬುದನ್ನೂ ಹೇಳಬೇಕು. ಎರಡನೆಯದನ್ನು ಹೇಳಲು ಮರೆತದ್ದಕ್ಕೆ ವರ್ಷಗಟ್ಟಲೆ ಕೈ ಎತ್ತದೆ ಕೂತವರಿದ್ದಾರೆ.

ಆಪರೇಷನ್ನಿಗೆ ಮುಂಚಿನ ಮಾತುಕತೆಯಲ್ಲಿ ಇನ್ನೊಂದು ಐದು ನಿಮಿಷ ಸೇರಿಸಿದರೆ ಇದರಲ್ಲಿ ಬಹಳಷ್ಟನ್ನು ಮುಂಚೆಯೇ ಕಾಣಬಹುದು. ಯಾವ ಸ್ನಾಯುವನ್ನು ಬಿಡಿಸುತ್ತೀರಿ, ಕಂಕುಳಿನಲ್ಲಿ ಎಷ್ಟು ತೆಗೆಯುತ್ತೀರಿ, ನನ್ನ ಕೆಲಸಕ್ಕೆ ಬೇಕಾದ ಬಲ ಯಾವುದು ಎಂದು ಕೇಳಿಸಿಕೊಳ್ಳದ ಸಮಾಲೋಚನೆ ಅಪೂರ್ಣ. ಹಳೆಯ ಹೆಗಲುನೋವು ಇದ್ದರೆ ಹೇಳಿಬಿಡಬೇಕು. ನೋವು ಬೇರೂರುವ ಮುಂಚೆಯೇ ಅದನ್ನು ಹಿಡಿಯಲು ಅರಿವಳಿಕೆ ತಜ್ಞರ ಬಳಿ ಎದೆಸ್ನಾಯುಗಳ ನಡುವೆ ಮದ್ದು ಹರಿಸುವ ಪೆಕ್ಸ್ ಬ್ಲಾಕಿನಂಥ ಉಪಾಯಗಳಿವೆ, 2011ರಲ್ಲಿ ಬ್ಲಾಂಕೊ ಎಂಬ ವೈದ್ಯರು ವಿವರಿಸಿದ್ದು, ಅದನ್ನೂ ಕೇಳಬಹುದು. ಅಳತೆಗಂತೂ ಯಂತ್ರ ಬೇಕಿಲ್ಲ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆಯಂತೆ ಮೇಲೆ ಮೇಲೆ ನಡೆಸಿ, ಅವು ನಿಂತಲ್ಲಿ ಪೆನ್ಸಿಲಿನಲ್ಲೊಂದು ಗೆರೆ, ಪಕ್ಕದಲ್ಲಿ ತಾರೀಖು. ಆಪರೇಷನ್ನಿನ ಹಿಂದಿನ ವಾರವೇ ಹಾಕಿಡಬೇಕು, ಎರಡೂ ಕೈಯದು.